ಮಂಡಿ ಸುಮ್ಮನಿತ್ತು, ಪೆಟ್ಟಿಗೆ ಕೂಗಿತು

ಮಳೆ ಬರುವ ಮುಂಚೆ ಇಟ್ಟಿಗೆ ಗೂಡಿನ ಯಜಮಾನರ ಬಲಗಾಲಿನ ಮಂಡಿ ನೋಯುತ್ತಿತ್ತು. ಅದಕ್ಕೇ ಓಣಿಯವರೆಲ್ಲ ಅವರನ್ನು ಮಂಡಿಮಾವ ಎನ್ನುತ್ತಿದ್ದರು. ಬಟ್ಟೆ ಒಣಹಾಕುವವರೂ ಅವರನ್ನು ಕೇಳಿಯೇ ಹಗ್ಗ ಕಟ್ಟುತ್ತಿದ್ದರು. ಅಂಥ ಮಂಡಿಯೇ ಒಂದು ದಿನ ನೋಯದೆ ಕೈಕೊಟ್ಟಿತು. ಅಂಗಳದ ತುಂಬ ಒಣಗಲು ಹಾಕಿದ್ದ ಹಸಿ ಇಟ್ಟಿಗೆ ಒಂದೇ ಮಳೆಗೆ ಕರಗಿ ಕೆಸರಾಯಿತು. ಮನೆಮಂದಿಯೆಲ್ಲ ಬೆನ್ನು ಬಾಗಿಸಿ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇನ್ನೊಮ್ಮೆ ಹೀಗಾದರೆ ಈ ಸಲ ಗೂಡಿಗೆ ಬೆಂಕಿ ಹಾಕುವ ಮಾತೇ ಇಲ್ಲ.

ಅವರ ಸೊಸೆಗೆ ರೇಡಿಯೋ ರಿಪೇರಿ ಕೆಲಸ. ಅವಳು ಮೇಜಿನ ಮೇಲೆ ಸಣ್ಣ ಬೋರ್ಡು, ತಂತಿ, ಸೆನ್ಸರುಗಳನ್ನು ಹರಡಿಕೊಂಡು ಕೂತಳು.

"ಏನಮ್ಮಾ ಇದು?"

"ಹವಾಮಾನ ನೋಡೋ ಪೆಟ್ಟಿಗೆ, ಮಾವ. ಬಿಸಿ, ತೇವ, ಗಾಳಿಯ ಒತ್ತಡ ಎಲ್ಲ ಅಳೆಯುತ್ತೆ. ಒತ್ತಡ ಬೇಗಬೇಗ ಇಳಿದು ತೇವ ಏರಿತು ಅಂದ್ರೆ ಮಳೆ ಹತ್ತಿರ ಇರಬಹುದು. ಆಗ ಕೂಗುತ್ತೆ."

"ನನ್ನ ಮಂಡಿಗೆ ಬ್ಯಾಟರಿ ಬೇಕಿಲ್ಲ ತಾಯಿ."

ಹಾಗೆಂದವರೇ ಸೊಸೆ ಅಂಗಡಿಗೆ ಹೋದಾಗ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣಲಿ ಎಂದು ಗೂಡಿನ ಪಕ್ಕದ ತಗಡಿನ ಮಾಡಿನ ಮೇಲೆ ಕೂರಿಸಿದರು. ಸಂಜೆ ಅದರ ಅಂಕಿ ನೋಡಿ ಅವರಿಗೆ ನಗುವೋ ನಗು.

"ನಿನ್ನ ಪೆಟ್ಟಿಗೆ ಲೆಕ್ಕದಲ್ಲಿ ನಾವೆಲ್ಲ ಬೆಂದು ಇಟ್ಟಿಗೆ ಆಗಿರಬೇಕಿತ್ತು."

"ಅದು ಸುಳ್ಳು ಹೇಳಿಲ್ಲ ಮಾವ. ತಗಡಿನ ಮೇಲೆ ಕೂರಿಸಿದ್ರೆ ತಗಡಿನ ಸುದ್ದಿ ಹೇಳುತ್ತೆ. ಗಾಳಿ ಸುದ್ದಿ ಬೇಕು ಅಂದ್ರೆ ಗಾಳಿಯಾಡೋ ನೆರಳಲ್ಲಿ ಇಡಬೇಕು."

ಅವಳು ಸೆನ್ಸರುಗಳನ್ನು ಸಂದಿಗಳಿರುವ ಬಿಳಿ ಡಬ್ಬಿಯೊಳಗೆ ಇಟ್ಟು, ಗೂಡಿನಿಂದ ದೂರ, ಆಳೆತ್ತರದ ಕಂಬಕ್ಕೆ ಕಟ್ಟಿದಳು. ಕೆಲವು ದಿನ ರೇಡಿಯೋದ ಹವಾಮಾನ ವರದಿಯ ಜೊತೆ ಹೋಲಿಸಿಯೂ ನೋಡಿದಳು.

ಅಂಗಳ ಮತ್ತೆ ಹಸಿ ಇಟ್ಟಿಗೆಯಿಂದ ತುಂಬಿತು. ಒಂದು ಮಧ್ಯಾಹ್ನ, ಚುರುಗುಟ್ಟುವ ಬಿಸಿಲಿನಲ್ಲಿ ಪೆಟ್ಟಿಗೆ ಕೂಗಿತು. ಮಾವ ಮಂಡಿ ಒತ್ತಿ ನೋಡಿಕೊಂಡರು. ಅದು ಸುಮ್ಮನಿತ್ತು. ಈಗ ಹೊದಿಸಿದರೆ ಓಣಿಯವರು ನಗುತ್ತಾರೆ. ಹೊದಿಸದಿದ್ದರೆ? ಹಿಂದಿನ ಕೆಸರು ಕಣ್ಣಮುಂದೆ ಬಂತು.

"ಟಾರ್ಪಾಲು ಎಳೀರಿ," ಎಂದರು.

ಹೆಂಡತಿ, ಮಗ, ಸೊಸೆ ಎಲ್ಲರೂ ಓಡಿದರು. ಬೇಲಿಯಾಚೆಯಿಂದ ಪಕ್ಕದ ಮನೆಯ ಬಡಗಿ ಕೇಳಿದ, "ಏನ್ ಮಾವ, ಇಟ್ಟಿಗೆಗೆ ಬಿಸಿಲು ತಾಗುತ್ತಾ?"

ಟಾರ್ಪಾಲಿನ ಅಂಚಿಗೆ ಕೊನೆಯ ಕಲ್ಲು ಹೇರುವಷ್ಟರಲ್ಲಿ ಗಾಳಿ ತಿರುಗಿತು. ಮಳೆ ಧೋ ಎಂದು ಸುರಿಯಿತು. ನಿಂತ ಮೇಲೆ ಮಾವ ಹೊದಿಕೆ ಎತ್ತಿ, ಸಾಲು ಸಾಲಾಗಿ ಕೈಯಾಡಿಸಿದರು. ಒಂದು ಇಟ್ಟಿಗೆಯ ಮೂಲೆಯೂ ಮುಕ್ಕಾಗಿರಲಿಲ್ಲ. ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಬಡಗಿ ಒದ್ದೆ ಹಲಗೆಗಳನ್ನು ಒಳಗೆ ಸಾಗಿಸುತ್ತಿದ್ದ. ಮಾವ ಬೇಲಿಯ ಹತ್ತಿರ ಹೋಗಿ, "ನಿಂಗೂ ಒಂದು ಮಾಡಿಕೊಡ್ತಾಳೆ ನನ್ನ ಸೊಸೆ. ತಗಡಿನ ಮೇಲೆ ಮಾತ್ರ ಇಡಬೇಡಪ್ಪ, ಆ ದಡ್ಡತನ ನಾನಾಗಲೇ ಮಾಡಿ ಮುಗಿಸಿದ್ದೀನಿ," ಎಂದರು.

ಬಿಸಿಲು ಮಳೆ ನೋಡಿಕೊಂಡು ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಳದಲ್ಲೂ ಇಂಥದೊಂದು ಪೆಟ್ಟಿಗೆ ಇರಲಿ. ಅದಕ್ಕೆ ನೆರಳು ಕೊಡಿ, ಗಾಳಿ ಬಿಡಿ, ಒಲೆ ತಗಡುಗಳಿಂದ ದೂರವಿಡಿ. ಹವಾಮಾನ ವರದಿಯನ್ನೂ ಕೇಳಿ. ಪೆಟ್ಟಿಗೆ ಕೂಗಿದಾಗ ಯಾರು ನಗುತ್ತಾರೆಂದು ನೋಡುತ್ತ ನಿಲ್ಲದೆ ಹೊದಿಕೆ ಎಳೆಯಿರಿ. ಮಂಡಿ ನೋವಿದ್ದರೆ ಡಾಕ್ಟರಿಗೆ ತೋರಿಸಿ. ಮಂಡಿಮಾವ ಈಗ ಅದನ್ನೇ ಮಾಡಿದ್ದಾರೆ.