ಹುತಾತ್ಮನ ಸಿಗರೇಟ್ ಕಾರ್ಡ್

ಗಲ್ಫಿನ ಮನಾಮ ನಗರದ ಗುಫೂಲ್ ಬಡಾವಣೆಯಲ್ಲಿದ್ದ ಮೋಹನದಾಸರ ಮನೆಯ ಗೋಡೆಯ ಮೇಲೆ ನಲವತ್ತೊಂಬತ್ತು ವೀರರಿದ್ದರು. ನೂರು ವರ್ಷದ ಹಿಂದೆ ಬ್ರಿಟಿಷ್ ಕಂಪೆನಿಯೊಂದು ಸಿಗರೇಟು ಪ್ಯಾಕಿನೊಳಗೆ ಹಾಕುತ್ತಿದ್ದ ಪುಟ್ಟ ಬಣ್ಣದ ಕಾರ್ಡುಗಳು. ಒಂದೊಂದರಲ್ಲೂ ಯುದ್ಧದಲ್ಲಿ ಪದಕ ಗೆದ್ದ ಒಬ್ಬ ಸೈನಿಕ. ಐವತ್ತನೆಯದು ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಅವರ ಡ್ರೈವರ್ ಜೊಕಿಮ್ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದವನು. ಗಡಿಯಲ್ಲಿ ಗುಂಡೇಟು ತಿಂದ ಗೆಳೆಯ ರೋನ್ಸನ್‌ನನ್ನು ಹಿಮದಲ್ಲಿ ಹೊತ್ತು ತಂದಿದ್ದ. ರೋನ್ಸನ್ ಉಳಿಯಲಿಲ್ಲ, ಜೊಕಿಮನಿಗೆ ಶೌರ್ಯ ಪದಕ ಬಂತು. ಒಂದು ದಿನ ಕಾರಿನಲ್ಲಿ ಮಾತಿಗೆ ಮಾತು ಬಂದು ಇದು ತಿಳಿದಾಗ ಮೋಹನದಾಸರು ನೆಟ್ಟಗೆ ಕೂತರು.

“ಒಂದು ಹಳೇ ಫೋಟೋ ಕೊಡು ಮಾರಾಯ. ನಿನ್ನದೂ ಕಾರ್ಡ್ ಮಾಡಿಸ್ತೇನೆ. ಐವತ್ತನೇದು ನೀನೇ!”

ಜೊಕಿಮನಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಇದ್ದ ಒಂದೇ ಯೂನಿಫಾರ್ಮಿನ ಫೋಟೋ ಕೊಟ್ಟ. ಕರಾವಳಿಯವರ ಸಂಘ ಏರ್ಪಡಿಸಿದ್ದ ಕಾರ್ಡುಗಳ ಪ್ರದರ್ಶನದ ದಿನ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿಕೊಂಡ.

ಈಸಾ ಟೌನಿನ ಹಾಲ್ ತುಂಬಿತ್ತು. ಜೊಕಿಮ್ ಹಿಂದಿನ ಬಾಗಿಲ ಬಳಿ ನಿಂತಿದ್ದ. ಮೋಹನದಾಸರು ಮೈಕಿನಲ್ಲಿ ಒಂದೊಂದೇ ಕಾರ್ಡಿನ ಕತೆ ಹೇಳುತ್ತ ಕೊನೆಯದಕ್ಕೆ ಬಂದರು. ಪರದೆಯ ಮೇಲೆ ದಪ್ಪ ಮೀಸೆಯ, ಇಪ್ಪತ್ತಾರರ ಜೊಕಿಮ್.

“ಇವ ನಮ್ಮ ಕರಾವಳಿಯ ಮಗ. ಗೆಳೆಯನನ್ನು ಉಳಿಸಿ, ತಾನು ಹಿಮದಲ್ಲೇ ಪ್ರಾಣ ಬಿಟ್ಟ. ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸುವ.”

ಕುರ್ಚಿಗಳು ಸದ್ದು ಮಾಡಿದವು. ಏನು ಮಾಡಬೇಕೆಂದು ತೋಚದೆ ಜೊಕಿಮನೂ ತಲೆ ತಗ್ಗಿಸಿದ. ನಿಮಿಷ ಮುಗಿದದ್ದೇ ನೇರ ವೇದಿಕೆಯ ಬಳಿ ಹೋದ.

“ಸಾರ್, ಅದು ನಾನು. ನಾನು ಸತ್ತಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಇವರು ನಿಮ್ಮ ಡ್ರೈವರ್ ಅಲ್ವಾ?” ಎಂದರು ಇನ್ನೊಬ್ಬರು. ಮೋಹನದಾಸರು ಮೈಕಿಗೆ ಅಂಗೈ ಅಡ್ಡ ಹಿಡಿದು, “ಗಾಡಿ ಗೇಟಿನ ಹತ್ರ ತಾ, ಹೋಗು” ಎಂದರು.

ವಾಪಸು ಬರುವಾಗ ಅವರೇ ಮಾತು ತೆಗೆದರು. “ಬದುಕಿರುವ ಡ್ರೈವರಿಗೆ ಯಾರು ಎದ್ದು ನಿಲ್ತಾರೆ, ನೀನೇ ಹೇಳು. ನಿನಗೊಂದು ಗೌರವ ಸಿಗ್ಲಿ ಅಂತ ಮಾಡಿದ್ದು.”

“ಸತ್ತದ್ದು ರೋನ್ಸನ್, ಸಾರ್. ಅವನ ಹೆಸರೇ ನೀವು ಹೇಳ್ಲಿಲ್ಲ.”

ಮೋಹನದಾಸರು ಫೋನು ನೋಡತೊಡಗಿದರು.

ಗುಫೂಲ್ ತಲುಪಿದ ಮೇಲೆ ಜೊಕಿಮ್ ಕೀ ಕೊಟ್ಟು, ಊರಿಗೆ ಹೋಗ್ತೇನೆ, ವೀಸಾ ಕ್ಯಾನ್ಸಲ್ ಮಾಡಿ ಎಂದ. ಅವರು ತಡೆಯಲಿಲ್ಲ. ಫೋಟೋ ಕೇಳಿದ್ದಕ್ಕೆ ಹುಡುಕಿ ಕೊಡುತ್ತೇನೆಂದರು, ಕೊಡಲಿಲ್ಲ. ಜೊಕಿಮ್ ವಿಮಾನ ಹತ್ತಿದ ವಾರವೇ ಮನಾಮದ ಇನ್ನೊಂದು ಸಂಘದವರು ಆ ಕಾರ್ಡನ್ನು ದೊಡ್ಡದು ಮಾಡಿಸಿ, ಹಾರ ಹಾಕಿ, ದೀಪ ಹಚ್ಚಿದರು.