ಒಂದು ಹುಬ್ಬು ಬಾಕಿ

ಅರ್ಧ ಕೆಲಸಕ್ಕೆ ಗಿರಾಕಿಯನ್ನು ಕುರ್ಚಿಯಿಂದ ಎಬ್ಬಿಸಬಾರದು. ಮುಂಬೈಯ ಮುಲುಂಡಿನ ತನ್ನ ಪಾರ್ಲರಿನಲ್ಲಿ ಹನ್ನೊಂದು ವರ್ಷದಿಂದ ನಾಗರತ್ನಾ ಬಿಡದೆ ಪಾಲಿಸಿದ ನೇಮ ಇದೊಂದೇ. ದೇವರ ಮುಂದೆ ದೀಪ ಹಚ್ಚುವುದು ತಪ್ಪೀತು, ಇದು ತಪ್ಪದು. ಕರೆಂಟ್ ಹೋದಾಗ ಮೊಬೈಲಿನ ಬೆಳಕಿನಲ್ಲಿ ಕೆಲಸ ಮುಗಿಸಿದ್ದಾಳೆ. ಜ್ವರದಲ್ಲಿ ನಡುಗುತ್ತಲೇ ಮದುಮಗಳೊಬ್ಬಳ ಎರಡನೆಯ ಹುಬ್ಬು ತಿದ್ದಿದ್ದಾಳೆ. "ಮಂದಿ ತಮ್ಮ ಮಾರಿ ನಮ್ಮ ಕೈಯಾಗ ಕೊಟ್ಟು ಕಣ್ಣ ಮುಚ್ಚಿರ್ತಾರ. ನಡುವ ಕೈ ಬಿಟ್ರ ಪಾಪ ಬರ್ತದ" ಎಂದು ಸಹಾಯಕಿ ಸೋನಾಲಿಗೆ ಕಲಿಸಿದವಳೂ ಅವಳೇ. ಅಂಥವಳು ಆ ಶುಕ್ರವಾರ ಸಂಜೆ ಏನು ಮಾಡಿದಳು ಅನ್ನುವುದನ್ನು ಕೇಳಿ.

ಸಂಕ್ರಾಂತಿ ಕಳೆದು ರಥಸಪ್ತಮಿ ಬರುವುದರೊಳಗೆ ಒಂದು ದಿನ ಹೌಸಿಂಗ್ ಸೊಸೈಟಿಯ ಹೆಂಗಸರನ್ನೆಲ್ಲ ಪಾರ್ಲರಿಗೆ ಕರೆದು ಅರಿಶಿನ ಕುಂಕುಮ ಕೊಡುವುದು ಅವಳ ವಾಡಿಕೆ. ಎಳ್ಳುಂಡೆ, ಒಂದೊಂದು ಸ್ಟೀಲ್ ಡಬ್ಬಿ, ಒಂದಿಷ್ಟು ನಗು. ಈ ಸಲ ಮಾತ್ರ ಆ ನಗುವಿನ ಹಿಂದೆ ಅವಳ ಜೀವವೇ ಇತ್ತು. ಪಾರ್ಲರ್ ಇದ್ದದ್ದು ಬಿಲ್ಡಿಂಗಿನ ಕೆಳಗಿನ ಫ್ಲ್ಯಾಟಿನಲ್ಲಿ. ಸಂಸಾರ ಮಾಡಲು ಕಟ್ಟಿದ ಜಾಗದಲ್ಲಿ ವ್ಯಾಪಾರ ಮಾಡಬೇಕಾದರೆ ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಹಳೆಯ ಪತ್ರದ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು. ಸೆಕ್ರೆಟರಿ ಶೇಖರ ಶೆಟ್ಟರು ಮೂರು ತಿಂಗಳು ಇಂದು ನಾಳೆ ಎಂದು ಆಟವಾಡಿಸಿ ಕೊನೆಗೂ ಸಹಿ ಹಾಕಿದ್ದರು. "ಕುಂಕುಮಕ್ಕೆ ಬರುವಾಗ ನಾನೇ ತರ್ತೇನೆ ಮಾರಾಯ್ತಿ, ನೀನು ತಲೆಬಿಸಿ ಮಾಡ್ಬೇಡ" ಎಂದು ಅವರ ಹೆಂಡತಿ ಶೀಲಾವತಿ ಬೆಳಿಗ್ಗೆ ಫೋನ್ ಮಾಡಿದ್ದಳು. ನಾಗರತ್ನಾ ಆ ಫೋನಿಗೇ ಕೈ ಮುಗಿದಿದ್ದಳು.

ಹೆಂಗಸರು ಬರುವುದು ಐದಕ್ಕೆ. ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆದು ಬೇರೊಬ್ಬರು ನಿಂತರು. ಎತ್ತರದ ಆಳು, ನೀಲಿ ಕುರ್ತಾ, ಅಗಲ ಹೆಗಲು, ನುಣ್ಣಗೆ ಬೋಳಿಸಿದ ಗದ್ದದ ಮೇಲೆ ಪೌಡರು. ನಾಗರತ್ನಾಳ ಕೈ ತಾನಾಗಿಯೇ ಡ್ರಾಯರ್ ಎಳೆದು ಹತ್ತರ ನೋಟು ತೆಗೆಯಿತು. ಚಪ್ಪಾಳೆ ತಟ್ಟುತ್ತ ಬರುವ ಮಂಗಳಮುಖಿಯರಿಗೆ ಹೀಗೆ ಕೊಡುವುದು ಮುಂಬೈಯ ಅಂಗಡಿಯವರ ಕೈಗೆ ರೂಢಿ, ಬುದ್ಧಿಯನ್ನು ಕೇಳುವುದಿಲ್ಲ. ಮೇಲೊಂದು ಎಳ್ಳುಂಡೆಯನ್ನೂ ಇಟ್ಟು ಬಾಗಿಲಲ್ಲೇ ಚಾಚಿದಳು. "ತಗೋರಿ, ಆಶೀರ್ವಾದ ಮಾಡ್ರಿ."

ಬಂದವಳು ನೋಟು ಮುಟ್ಟಲಿಲ್ಲ. ಮೊಬೈಲ್ ತಿರುಗಿಸಿ ತೋರಿಸಿದಳು. "ಅಪಾಯಿಂಟ್‌ಮೆಂಟ್ ಅದ. ನಾಲ್ಕಕ್ಕ. ಸ್ನೇಹಲ್."

ನಾಗರತ್ನಾ ಸೋನಾಲಿಯ ಮುಖ ನೋಡಿದಳು, ಸೋನಾಲಿ ಬಾಗಿಲ ಗಾಜಿನತ್ತ ನೋಡಿದಳು. ಅಲ್ಲಿ ವಾರದ ಹಿಂದೆ ಅವಳೇ ಅಂಟಿಸಿದ ಕಾಮನಬಿಲ್ಲಿನ ಸ್ಟಿಕರ್ ಇತ್ತು. ಪ್ರೈಡ್ ಹಬ್ಬ, ನಮ್ಮಲ್ಲಿ ಎಲ್ಲರಿಗೂ ಸ್ವಾಗತ, ಇನ್‌ಸ್ಟಾದಲ್ಲಿ ಹಾಕಲಾ ಎಂದು ಅವಳು ಕೇಳಿದಾಗ ನಾಗರತ್ನಾ ಯಾರಿಗೋ ಫೇಶಿಯಲ್ ಮಾಡುತ್ತ ಹೂಂ ಅಂದಿದ್ದಳು. ಅಷ್ಟೊಂದು ಬಣ್ಣ ಕಂಡು ಹೇರ್ ಕಲರಿನ ಆಫರ್ ಇರಬೇಕು ಅಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ!

"ಬರ್ರಿ, ಕೂಡ್ರಿ" ಅಂದಳು. ನೋಟನ್ನು ಎಲ್ಲಿಡುವುದೋ ತಿಳಿಯದೆ ರವಿಕೆಯೊಳಗೆ ತುರುಕಿಕೊಂಡಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಸ್ನೇಹಲ್ ಮನೆಯವರು ವಿಜಯಪುರದವರು. ಬೆಳೆದದ್ದು ಕಾಂದಿವಲಿಯಲ್ಲಿ, ಕೆಲಸ ಗೋರೆಗಾಂವಿನ ಆಫೀಸಿನಲ್ಲಿ. ಮನೆ ಬಿಟ್ಟು ಆರು ವರ್ಷ, ಆಡಲು ಜನವಿಲ್ಲದೆ ಕನ್ನಡ ತಡವರಿಸುತ್ತಿತ್ತು. "ನಮ್ಮ ಕಡೆ ನಾಕು ಪಾರ್ಲರ್ ಕೇಳಿದೆ. ಒಬ್ರು ಲೇಡೀಸ್ ಓನ್ಲಿ ಅಂದ್ರು, ಒಬ್ರು ಜೆಂಟ್ಸ್ ಸಲೂನ್‌ಗೆ ಹೋಗು ಅಂದ್ರು. ನಿಮ್ದು ಪೋಸ್ಟ್ ನೋಡಿ ಎರಡು ಲೋಕಲ್ ಟ್ರೇನ್ ಚೇಂಜ್ ಮಾಡಿ ಬಂದೆ." ಕಣ್ಣು ಮುಚ್ಚಿ ಮುಖ ಮೇಲೆತ್ತಿದಳು. "ನಾಳೆ ಪ್ರೈಡ್ ಮಾರ್ಚ್ ಅದ, ನಮ್ಮಂಥವರ ಮೆರವಣಿಗೆ. ಹೋದ ವರ್ಷ ಮಾಸ್ಕ್ ಹಾಕ್ಕೊಂಡು ನಡದೆ. ಈ ಸಲ ಚೆಹರಾ ತೋರಿಸಿ ನಡೀತೀನಿ. ಅದಕ್ಕ ಚಂದ ಮಾಡ್ರಿ."

ನಾಗರತ್ನಾ ಹುಬ್ಬು ತಿದ್ದುವ ದಾರವನ್ನು ಹಲ್ಲಿನಲ್ಲಿ ಕಚ್ಚಿದಳು. ಹುಬ್ಬಿನ ಚರ್ಮ ಬಿಗಿಯಾಗಿ ಹಿಡಿದುಕೋ ಎಂದು ಸನ್ನೆ ಮಾಡಿದಳು. ಆಮೇಲೆ ಅವಳ ಕೈಗೆ ಹೆಗಲೂ ಕಾಣಲಿಲ್ಲ, ಗದ್ದವೂ ಕಾಣಲಿಲ್ಲ. ಹುಬ್ಬು ಹುಬ್ಬೇ. ದಪ್ಪ ಕೂದಲು, ತಿದ್ದಿದಷ್ಟೂ ರೂಪ ಬರುತ್ತಿತ್ತು. ಎಡಗಡೆಯದು ಮುಗಿಯಿತು, ತಾನೇ ನೋಡಿ ಮೆಚ್ಚುವಷ್ಟು ಚಂದ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಶೀಲಾವತಿಯ ದನಿ ಕೇಳಿತು. ಇನ್ನೂ ನಾಲ್ಕೂವರೆ! ಹಿಂದೆ ಏಳೆಂಟು ಹೆಂಗಸರ ಬಳೆ ಸದ್ದು. ಪತ್ರ ಶೀಲಾವತಿಯ ಚೀಲದಲ್ಲಿದೆ. ಚೀಲದಿಂದ ತನ್ನ ಕೈಗೆ ಬರುವವರೆಗೆ, ಇನ್ನೊಂದು ಹತ್ತು ನಿಮಿಷ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಸ್ವಲ್ಪ ಒಳಗ ಕೂಡ್ತೀರೇನವ್ವಾ? ಪಡದೆ ಹಿಂದ. ಮಾತಾಡಬ್ಯಾಡ್ರಿ. ಅವರು ಹೋದಕೂಡಲೆ ಮುಗಸ್ತೀನಿ." ಹೇಳಿದ್ದಲ್ಲ, ಕೈ ಹಿಡಿದು ಎಬ್ಬಿಸಿಯೇ ಬಿಟ್ಟಳು. ಹನ್ನೊಂದು ವರ್ಷದ ನೇಮ ಅಲ್ಲಿಗೆ ಮುರಿಯಿತು. ಸ್ನೇಹಲ್ ಮೊಬೈಲ್ ಎತ್ತಿಕೊಂಡು ಎದ್ದಳು. ಇಂಥದ್ದು ಅವಳಿಗೆ ಹೊಸದಲ್ಲ ಅನ್ನುವುದು ಆ ಏಳುವಿಕೆಯಲ್ಲೇ ಗೊತ್ತಾಗುತ್ತಿತ್ತು.

ವ್ಯಾಕ್ಸಿಂಗ್ ಮಾಡುವ ಆ ಪಡದೆಯ ಹಿಂದಿನ ಮೂಲೆಯಲ್ಲಿ ಆಗಲೇ ಒಬ್ಬರು ಕೂತಿದ್ದರು. ನಾಗರತ್ನಾಳ ಅತ್ತೆ ಕಾಶವ್ವ. ಮಾವ ತೀರಿ ಒಂಬತ್ತು ವರ್ಷ. ಪ್ರತಿ ವರ್ಷ ಅರಿಶಿನ ಕುಂಕುಮದ ದಿನ ಮುದುಕಿ ತಾನೇ ಎದ್ದು ಆ ಸ್ಟೂಲಿನ ಮೇಲೆ ಹೋಗಿ ಕೂಡುತ್ತಿದ್ದಳು. ಹೋಗು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ, ನಾಗರತ್ನಾ ಕೂಡ.

ಹೆಂಗಸರು ಒಳಗೆ ಬಂದರು. ಶೀಲಾವತಿ ಸೀದಾ ಹೋಗಿ ಸ್ನೇಹಲ್ ಎದ್ದ ಕುರ್ಚಿಯಲ್ಲೇ ಕೂತಳು. ಚೀಲದಿಂದ ಬಿಳಿ ಲಕೋಟೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು, ಕೊಡಲಿಲ್ಲ. ಅವಳ ಕಣ್ಣು ಬಾಗಿಲ ಗಾಜಿನ ಮೇಲಿತ್ತು.

"ಅದೆಂತ ಅಂಟಿಸಿದ್ದು? ನಮ್ಮವರು ನಿನ್ನೆಯೇ ಕೇಳಿದ್ರು. ಅವರೆಲ್ಲ ಇಲ್ಲಿಗೆ ಬರ್ತಾರಾ? ನಮ್ಮ ಹೆಣ್ಮಕ್ಕಳು ಬಂದು ಹೋಗುವ ಜಾಗ ಅಲ್ವಾ ಇದು?"

ಸೋನಾಲಿ ಬಾಯಿ ತೆರೆದಳು. ನಾಗರತ್ನಾ ಅವಳಿಗಿಂತ ಮೊದಲೇ ನಕ್ಕುಬಿಟ್ಟಳು. "ಏ ಇಲ್ರೀ ಅಕ್ಕಾ, ಅಂಥಾವ್ರು ಇಲ್ಲಿ ಯಾರ್ ಬರ್ತಾರ? ಹುಡುಗಿ ಏನೋ ಅಂಟಿಸ್ಯಾಳ. ಇವತ್ತ ಕೆರೆಸಿ ತಗಸ್ತೀನಿ."

ಹೇಳಿದ ಮೇಲೆ ನೆನಪಾಯಿತು, ಪಡದೆ ಬರೀ ಬಟ್ಟೆ. ಗೋಡೆಯಲ್ಲ.

ಶೀಲಾವತಿಗೆ ಸಮಾಧಾನವಾಯಿತು. "ಹಾಗಾದ್ರೆ ಸರಿ. ಮೊದಲು ಕುಂಕುಮ ಕೊಡು, ಆಮೇಲೆ ಪತ್ರ ತಗೋ." ನಾಗರತ್ನಾ ತಟ್ಟೆ ಎತ್ತಿದಳು. ಹೆಂಗಸರು ಸೆರಗು ಸರಿಪಡಿಸಿಕೊಂಡರು. ಅಷ್ಟರಲ್ಲಿ ಪಡದೆಯ ಹಿಂದಿನಿಂದ ಕಾಶವ್ವನ ದನಿ ಕೇಳಿತು. ಕಿವಿ ಮಂದವಾದ ಮುದುಕಿಗೆ ಪಿಸುಮಾತು ಬರುತ್ತಿರಲಿಲ್ಲ.

"ನನ್ನ ಗಂಡ ಸತ್ತಾನ, ಅದಕ್ಕ ಇಲ್ಲಿ ಕುಂತೀನಿ. ನಿನಗೇನಾಗೈತಿ ತಂಗಿ? ನೀ ಯಾಕ ಇಲ್ಲಿ?"

ಹೊರಗಿನ ಹೆಂಗಸರ ತಲೆಗಳೆಲ್ಲ ಪಡದೆಯತ್ತ ತಿರುಗಿದವು. ನಾಗರತ್ನಾ ಲಕೋಟೆ ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಅತ್ತೆ ಎಂದು ನಕ್ಕು ಹಾರಿಸಿದರೆ ಮುಗಿಯುತ್ತಿತ್ತು, ಮುದುಕಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ ಅಂದರೆ ಎಲ್ಲರೂ ನಂಬುತ್ತಿದ್ದರು. ಆದರೆ ಅವಳ ಕಣ್ಣ ಮುಂದೆ ಬಂದದ್ದು ಒಂದು ತಿದ್ದಿದ, ಒಂದು ತಿದ್ದದ ಹುಬ್ಬಿನ ಮುಖ. ಕಣ್ಣು ಮುಚ್ಚಿ ತನ್ನ ಕೈಗೆ ಕೊಟ್ಟ ಮುಖ.

ತಟ್ಟೆ ಕೆಳಗಿಟ್ಟು ಪಡದೆ ಸರ್ರನೆ ಎಳೆದಳು. "ಅಕ್ಕಾ, ಸ್ವಲ್ಪ ಏಳ್ರಿ. ಆ ಕುರ್ಚಿ ಇವರದು. ಒಂದು ಹುಬ್ಬು ಬಾಕಿ ಅದ."

ಶೀಲಾವತಿ ಸ್ನೇಹಲ್‌ಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನನ್ನನ್ನು ಎಬ್ಬಿಸ್ತೀಯಾ? ಇದಕ್ಕೋಸ್ಕರ?"

"ಇದು ಅನಬ್ಯಾಡ್ರಿ. ಗಿರಾಕಿ ಅದಾರ."

"ಪತ್ರ ಬೇಡ್ವಾ ನಿಂಗೆ?"

"ಬೇಕ್ರೀ. ಪತ್ರ ಇಲ್ದ ನಾವು ಬೀದಿಗೆ ಬೀಳ್ತೀವಿ. ಆದ್ರ ಅರ್ಧಾ ಬಿಟ್ಟು ಕಳಸೂದು ನನ್ನ ಕೈಲಿ ಆಗೂದಿಲ್ಲ."

ಶೀಲಾವತಿ ಲಕೋಟೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಎದ್ದುಹೋದಳು. ಐವರು ಅವಳ ಬೆನ್ನು ಹಿಡಿದರು. ಮೂವರು ಉಳಿದರು, ಧೈರ್ಯದಿಂದಲೋ ಡಬ್ಬಿಯ ಆಸೆಯಿಂದಲೋ ದೇವರಿಗೇ ಗೊತ್ತು.

ಸ್ನೇಹಲ್ ಪಡದೆಯ ಹತ್ತಿರವೇ ನಿಂತಿದ್ದಳು. "ಇಲ್ಲಿ ಯಾರೂ ಬರಲ್ಲ ಅಂದ್ರಿ. ಕೇಳಿಸ್ತು ನಂಗೆ."

"ಸುಳ್ಳ ಹೇಳಿದೆ. ಅಂಜಿ ಹೇಳಿದೆ" ಅಂದಳು ನಾಗರತ್ನಾ. ಅವಳ ಕಣ್ಣು ತುಂಬಿತ್ತು. "ತಪ್ಪಾತು. ಕೂಡ್ರಿ."

ಸ್ನೇಹಲ್ ಬಾಗಿಲ ಕಡೆ ನೋಡಿದಳು. ಹೋಗಿಬಿಡುತ್ತಾಳೆ ಅನ್ನಿಸಿತು. ಆಮೇಲೆ ಬಂದು ಕೂತಳು, ಈ ಸಲ ಕಣ್ಣು ಮುಚ್ಚಲಿಲ್ಲ. ನಾಗರತ್ನಾ ದಾರ ಕಚ್ಚಿದಳು. ಮಾರ್ಚಿಗೆ ಏನು ಮಾಡ್ತೀ ಎಂದು ಉಳಿದವರಲ್ಲೊಬ್ಬಳು ಕೇಳಿದಳು. ಹಲ್ಲಲ್ಲಿ ದಾರವಿದ್ದವಳು ಎರಡನೆಯ ಹುಬ್ಬಿನ ಮೇಲೆ ಬಾಗಿದಳು.

ಹುಬ್ಬು ಮುಗಿಸಿ ತಟ್ಟೆ ತಂದು ಹಣೆಗೆ ಕುಂಕುಮ ಹಚ್ಚಿದಳು. ಹಚ್ಚಿಸಿಕೊಂಡವಳು ಹಚ್ಚಿದವಳಿಗೆ ತಿರುಗಿ ಹಚ್ಚುವುದು ಪದ್ಧತಿ. ಸ್ನೇಹಲ್ ಹಚ್ಚಿದಳು. ಆಮೇಲೆ ಬೆರಳಿನಲ್ಲಿ ಉಳಿದ ಕುಂಕುಮ ಹಿಡಿದು ಕಾಶವ್ವನ ಮುಂದೆ ಹೋಗಿ ನಿಂತಳು.

"ನನಗ ಹಚ್ಚಬಾರದವ್ವಾ" ಅಂದಳು ಮುದುಕಿ.

"ನನಗೂ ಹಚ್ಚಬಾರದು ಅಂತಿದ್ರು, ಅಜ್ಜಿ."

ಕಾಶವ್ವ ಸೊಸೆಯ ಮುಖ ನೋಡಿದಳು. ಒಂಬತ್ತು ವರ್ಷ ಬಾಯಿಗೆ ಬಾರದ ಮಾತು ನಾಗರತ್ನಾಳಿಗೆ ಈಗ ಬಂತು. "ಹಚ್ಚಿಸ್ಕೋರಿ ಅತ್ತಿ. ಹೊರಗ ಬಂದು, ಕುರ್ಚಿ ಮ್ಯಾಲ ಕುಂತು ಹಚ್ಚಿಸ್ಕೋರಿ."

ಮುದುಕಿ ಗೋಡೆ ಹಿಡಿದು ಬಂದು ಕುರ್ಚಿ ಹತ್ತಿದಳು. ಹನ್ನೊಂದು ವರ್ಷ ದಿನವೂ ಪಾರ್ಲರಿನಲ್ಲಿ ನೋಡಿದ್ದಳಲ್ಲ, ಆ ಕುರ್ಚಿಯಲ್ಲಿ ಕೂತವರು ಹೇಗಿರಬೇಕೆಂದು ಚೆನ್ನಾಗಿ ಗೊತ್ತಿತ್ತು. ಮುಖ ಮೇಲೆತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಸುಕ್ಕುಗಟ್ಟಿದ ಹಣೆಯ ಚರ್ಮವನ್ನು ಎರಡೂ ಕೈಯಿಂದ ಬಿಗಿಯಾಗಿ ಎಳೆದು ಹಿಡಿದಳು.