ಊಪರ್-2

ಆ ಹೆಸರಿನವರು ಯಾರೂ ಇಲ್ಲ ಎನ್ನುತ್ತಿದೆ ಮತ್ತೆ, ಪರದೆಯ ಮೇಲೆ ಅದೇ ಸಾಲು, ಕೆಳಗೆ ಗಲ್ಲಿಯಲ್ಲಿ ತರಕಾರಿ ಭಯ್ಯಾ ಬಟಾಣಿ ಬಟಾಣಿ ಎಂದು ಕೂಗುತ್ತಿದ್ದಾನೆ, ಚಹಾ ಕೆನೆ ಕಟ್ಟಿದೆ, ಹಾಲ್‌ನ ಮೇಜಿನ ಮೇಲೆ ಪರೀಕ್ಷೆಯ ಪುಟ್ಟ ಯಂತ್ರ ಮಯೂರಿಯ ಕಣ್ಣೆದುರೇ ಕೂತಿದೆ, ಅಂಕಿಯ ವಿಳಾಸ ಕೊಟ್ಟರೆ ತಕ್ಷಣ ಓಗೊಡುತ್ತದೆ, ಹೆಸರು ಹಿಡಿದು ಕರೆದರೆ ಮಾತ್ರ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಎಬ್ಬಿಸಿಟ್ಟ ಲಿನಕ್ಸ್‌ಗೆ ಅದರ ಗುರುತೇ ಇಲ್ಲ, ಸೋಮವಾರ ಗುರುಗ್ರಾಮದ ಆಫೀಸಿನಲ್ಲಿ ಎಲ್ಲರೆದುರು ಇದನ್ನು ತೋರಿಸುವಾಗ ಹೀಗಾದರೆ — ಸಹೋದ್ಯೋಗಿ ಕಾರ್ತಿಕ್‌ಗೆ ಫೋನ್ ಮಾಡಿದರೆ ನಕ್ಕುಬಿಟ್ಟ, ವರ್ಚುವಲ್ ಮಷೀನನ್ನ ನ್ಯಾಟ್‌ನಲ್ಲೇ ಇಟ್ಕೊಂಡಿದ್ಯಾ ತಾಯಿ, ಬಾಗಿಲು ಹಾಕ್ಕೊಂಡು ಒಳಗಿಂದ ಕೂಗಿದ್ರೆ ಯಾರಿಗೆ ಕೇಳ್ಸುತ್ತೆ, ಬ್ರಿಡ್ಜ್ ಮಾಡು, ಮನೆ ವೈಫೈಗೆ ನೇರ ಬರ್ಲಿ. ಬ್ರಿಡ್ಜ್ ಮಾಡಿದಳು. ಯಾರ್ಯಾರಿದ್ದೀರಿ, ಹೆಸರು ಹೇಳಿ ಎಂದು ಇಡೀ ಮನೆಯನ್ನು ಕೇಳುವ ಆದೇಶ ಕೊಟ್ಟಳು, ಒಂದೊಂದಾಗಿ ಬಂದವು, ಪರೀಕ್ಷೆಯ ಯಂತ್ರ — ಸದ್ಯ, ಕೆಲಸ ಆಯಿತು — ಪ್ರಿಂಟರು, ಮನೆ ಹಂಚಿಕೊಂಡಿರುವ ಗೆಳತಿ ಗಾನವಿಯ ಲ್ಯಾಪ್‌ಟಾಪು, ನೆಲಮಹಡಿಯಲ್ಲಿರುವ ಮಾಲೀಕ ಅಂಕಲ್‌ನ ಟೀವಿ, ಬಾಡಿಗೆಯಲ್ಲೇ ವೈಫೈ ಸೇರಿದೆ ಬೇಟಾ ಎಂದಾಗ ಇವಳಿಗೂ ಗಾನವಿಗೂ ಎಷ್ಟು ಖುಷಿ, ಆ ರೂಟರಿನ ಒಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ, ದಿನವಿಡೀ ಆಫೀಸಿನ ನೆಟ್‌ವರ್ಕ್ ತಪಾಸಣೆ ಮಾಡುವವಳು. ಕೊನೆಗೆ ಇನ್ನೊಂದು ಹೆಸರು. ಊಪರ್-2.

ಊಪರ್ ಅಂದರೆ ಮೇಲೆ, ಮೇಲಿನ ಮಹಡಿಯಲ್ಲಿ ಇರುವವರು ಇಬ್ಬರೇ, ಎರಡನೇ ಕೋಣೆ ಮಯೂರಿಯದು, ಹೆಸರಿನ ಪಕ್ಕದಲ್ಲಿ ಅದು ಕೊಡುವ ಸೇವೆಯ ಹೆಸರೂ ಇದೆ, ವಿಡಿಯೊ, ನೇರ ವಿಡಿಯೊ — ಇಲ್ಲ, ಮಹಡಿ ಮೆಟ್ಟಿಲಿನ ಕ್ಯಾಮೆರಾ ಇರಬಹುದು, ಆದರೆ ಮೆಟ್ಟಿಲಿನಲ್ಲಿ ಕ್ಯಾಮೆರಾ ಇಲ್ಲ, ಗೇಟಿನಲ್ಲಿದೆ, ಅದಕ್ಕೆ ಬೇರೆ ತಂತಿ. ಖಚಿತವಾಗದೆ ಯಾರ ಮೇಲೂ ಹೇಳಬಾರದು, ಮೊದಲು ಎಲ್ಲಿದೆ ನೋಡು, ಊಪರ್-2ಕ್ಕೆ ಬಿಡದೆ ಕರೆ ಕಳಿಸುತ್ತಿರು, ಉತ್ತರದ ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿವೆ, ಬಲು ವಿಧೇಯ ಯಂತ್ರ, ಕೇಳಿದಷ್ಟು ಸಲವೂ ಇದ್ದೇನೆ ಎನ್ನುತ್ತದೆ, ಯಾವ ಕೋಣೆಯ ಕರೆಂಟು ತೆಗೆದರೆ ಉತ್ತರ ನಿಲ್ಲುತ್ತದೋ ಅಲ್ಲೇ ಇದೆ. ಗಾನೂ, ಸ್ವಲ್ಪ ಮೀಟರ್ ಡಬ್ಬಿ ಹತ್ರ ಹೋಗ್ತೀಯಾ, ನಾನು ಹೇಳೋ ಸ್ವಿಚ್ಚು ಇಳಿಸು. ಏನೇ ಇದು, ಭಾನುವಾರಾನೂ ಬಿಡಲ್ವಾ ನಿನ್ನ ಲಿನಕ್ಸು, ಲೋಧಿ ಕಾಲೋನೀಲಿ ವೈಜಯಂತಿ ಆಂಟಿ ಬಿಸಿಬೇಳೆಬಾತ್ ಮಾಡ್ಕೊಂಡು ಕಾಯ್ತಿದಾರೆ, ಹಪ್ಪಳ ಮೆತ್ತಗಾದ್ರೆ ನೀನೇ ಹೊಣೆ. ಅಡುಗೆಮನೆ ಇಳಿಸು. ಇಳಿಸ್ದೆ. ಉತ್ತರ ಬರುತ್ತಲೇ ಇದೆ. ಏರಿಸು, ಈಗ ನಿನ್ನ ಕೋಣೆ. ಅಯ್ಯೋ, ನನ್ನ ಗೀಸರ್! ಇಳಿಸೇ. ಬರುತ್ತಲೇ ಇದೆ, ಬರುತ್ತಲೇ ಇದೆ, ತನ್ನ ಕೋಣೆಯದೊಂದನ್ನೇ ಕೊನೆಗೆ ಇಟ್ಟುಕೊಂಡಿದ್ದಾಳೆ, ಅದು ತಿಳಿದೂ ತಿಳಿಯದವಳಂತೆ ಕೂತಿದ್ದಾಳೆ, ಕೋಣೆಯಲ್ಲಿ ಏನಿದೆ, ಮಂಚ, ಫ್ಯಾನು, ಬೀರು, ಹೊಸ ಸ್ವಿಚ್ ಬೋರ್ಡು — ದಸರೆಗೆ ಇಬ್ಬರೂ ಊರಿಗೆ ಹೋದಾಗ ಅಂಕಲ್ ಹಾಕಿಸಿದ್ದು, ವೈರಿಂಗ್ ಪುರಾನಾ ಥಾ ಬೇಟಾ, ತುಂಬಾ ಹಳೆಯದು, ಶಾರ್ಟ್ ಹೋ ಜಾತಾ, ನಿನ್ನ ಒಳ್ಳೆಯದಕ್ಕೇ, ಅವಳು ಥ್ಯಾಂಕ್ಯೂ ಅಂಕಲ್ ಎಂದಿದ್ದಳು, ಊರಿಂದ ತಂದ ಧಾರವಾಡ ಪೇಡೆ ಕೊಟ್ಟಿದ್ದಳು — ಮಂಚದ ಎದುರಿಗೇ ಬೋರ್ಡು, ಅದರಲ್ಲಿ ಸ್ವಿಚ್ಚಿಲ್ಲದ ಒಂದು ಖಾಲಿ ಮನೆ, ನಡುವೆ ಸೂಜಿಮೊನೆಯಷ್ಟು ಕಪ್ಪು ತೂತು, ಡ್ರಿಲ್ ಜಾರಿರಬೇಕು ಅಂದುಕೊಂಡಿದ್ದಳು, ದಿನಾ ಸ್ನಾನ ಮುಗಿಸಿ ಒದ್ದೆ ಟವೆಲಿನಲ್ಲಿ ಅದರ ಮುಂದೆಯೇ ನಿಂತು — ಬೇಡ, ನೆನೆಯಬೇಡ, ಆ ತೂತು ಏನೂ ಅಲ್ಲದಿರಲಿ, ಏನೂ ಅಲ್ಲದಿರಲಿ. ಮುಂದೇನಮ್ಮಾ ಇಂಜಿನಿಯರ್ರೇ, ಡಬ್ಬಿಯ ಹತ್ತಿರದಿಂದ ಗಾನವಿ. ನನ್ನ ಕೋಣೆ. ಟಕ್ ಎಂದಿತು.

ಸಾಲುಗಳು ನಿಂತವು.

ಹಾಲ್‌ನ ಫ್ಯಾನು ತಿರುಗುತ್ತಿದೆ, ರೂಟರಿನ ದೀಪ ಹಾಗೇ ಇದೆ, ಬಟಾಣಿ ಭಯ್ಯಾ ಮುಂದಿನ ಗಲ್ಲಿಗೆ ಹೋದ, ನಿಂತದ್ದು ಊಪರ್-2 ಒಂದೇ, ಪರದೆಯ ಫೋಟೊ ತೆಗೆ, ಯಾವುದನ್ನೂ ಮುಟ್ಟಬೇಡ, ಗಾನವಿಯನ್ನು ಕರೆದುಕೊಂಡು ಹೊರಗೆ ಹೋಗು, ಪೊಲೀಸಿಗೆ ಹೇಳು, ಆದರೆ ದಸರೆಯಿಂದ ಇವತ್ತಿನವರೆಗಿನದು, ಅದೆಲ್ಲ ಎಲ್ಲಿದೆ, ಯಾರ್ಯಾರ ಫೋನಿನಲ್ಲಿದೆ, ಎದ್ದು ನಿಂತಿದ್ದಾಳೆ, ಕೋಣೆಯ ಹೊಸ್ತಿಲಿಂದ ಬೋರ್ಡು ಕಾಣುತ್ತಿದೆ — ಆಗ ಕೆಳಗಿನಿಂದ, ಮೆಟ್ಟಿಲ ಬುಡದಿಂದ, ಬೇಟಾ, ಬಿಜಲೀ ಗಯೀ ಕ್ಯಾ? ಕರೆಂಟು ಹೋಯಿತೇ ಎಂದು ಅಂಕಲ್ ಕೇಳುತ್ತಿದ್ದಾನೆ. ಕೆಳಗೆ ಅವನ ಟೀವಿಯ ಸದ್ದು ಕೇಳುತ್ತಿದೆ, ಅವನ ಕರೆಂಟು ಹೋಗಿಲ್ಲ, ಹೋಗಿರುವುದು ಇದೊಂದೇ ಕೋಣೆಯದು, ಅದೂ ಈಗಷ್ಟೇ, ಅವನಿಗೆ ಹೇಗೆ — ಹಾಂ ಅಂಕಲ್, ಸಿರ್ಫ್ ಮಯೂರಿ ಕೇ ಕಮ್ರೇ ಕೀ, ಮಯೂರಿಯ ಕೋಣೆಯದು ಮಾತ್ರ ಎಂದು ಗಾನವಿ ನಗುನಗುತ್ತ ಕೂಗುತ್ತಾಳೆ, ಬೇಡ ಗಾನೂ, ಎನ್ನುವಷ್ಟರಲ್ಲಿ, ಅಚ್ಛಾ, ಮೈಂ ಆತಾ ಹೂಂ, ನಾನೇ ಬರುತ್ತೇನೆ ಎನ್ನುತ್ತಾನೆ, ಚಪ್ಪಲಿಯ ಸದ್ದು ಮೆಟ್ಟಿಲು ಹತ್ತುತ್ತಿದೆ, ಒಂದೊಂದಾಗಿ, ಅವಸರವಿಲ್ಲದೆ, ಎದುರಿನ ಗೋಡೆಯಲ್ಲಿ ಸ್ವಿಚ್ಚಿಲ್ಲದ ಖಾಲಿ ಮನೆ, ಅದರ ನಡುವೆ ಆ ತೂತು, ಕಪ್ಪಗೆ, ಸೂಜಿಮೊನೆಯಷ್ಟು, ಆ ತೂತು